ಫ್ರೀಮೇಸನ್ ಲಾಡ್ಜ್ ಸೇರಿದರೆ ಸಿಗೋದೇನು? ಮುಂಬೈ, ಪುಣೆ, ಗೋವಾ ಕಡೆಯ ಕನ್ನಡಿಗರಲ್ಲಿ ಯಾರಾದರೂ ಮೆಂಬರ್ ಇದ್ದೀರಾ?

ಮುಲುಂಡ್ ಮಾಣಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಂಪನಿಯಿಂದ ರಿಟೈರ್ ಆದ ಒಬ್ಬರು ಪಾರ್ಸಿ ಸಾಹೇಬರು ನನಗೆ ತುಂಬ ಬೇಕಾದವರು. ಮೊನ್ನೆ ಚಹಾ ಕುಡಿಯುವಾಗ ಮಾತಿಗೆ ಮಾತು ಬಂದು ಅವರು ಫ್ರೀಮೇಸನ್ ಎಂದು ಗೊತ್ತಾಯಿತು. ಅದು ಗುಟ್ಟಿನ ವಿಧಿಗಳಿರುವ ಗಂಡಸರ ಹಳೆಯ ಸಂಘವಂತೆ, ಅದರ ಒಂದೊಂದು ಶಾಖೆಗೆ ಲಾಡ್ಜ್ ಅನ್ನುತ್ತಾರಂತೆ. ಫೋರ್ಟ್‌ನಲ್ಲಿ ಸ್ಟರ್ಲಿಂಗ್ ಟಾಕೀಸ್ ಹತ್ತಿರದ ಫ್ರೀಮೇಸನ್ಸ್ ಹಾಲ್‌ಗೆ ಎಷ್ಟೋ ವರ್ಷದಿಂದ ಹೋಗುತ್ತಾರಂತೆ. ಅಲ್ಲಿ ಏನು ಮಾಡ್ತೀರಿ ಅಂತ ಕೇಳಿದೆ. ನಕ್ಕರು. "ಸೇರಬೇಕು ಅನಿಸಿದರೆ ಹೇಳು, ಫಾರ್ಮ್ ಕೊಡಿಸುತ್ತೇನೆ" ಅಂದರು. ಅದಕ್ಕಿಂತ ಜಾಸ್ತಿ ಬಾಯಿ ಬಿಡಲಿಲ್ಲ.

ನಾನು ಮಾಟುಂಗಾದ ಮೈಸೂರು ಅಸೋಸಿಯೇಶನ್ ಕಾರ್ಯಕ್ರಮಗಳಿಗೆ ಹೋಗುತ್ತಿರುತ್ತೇನೆ. ನಮ್ಮ ಜಾತಿ ಸಂಘಕ್ಕೂ ವಂತಿಗೆ ಕೊಡುತ್ತೇನೆ. ರೋಟರಿಯವರೂ ಕರೆದಿದ್ದಾರೆ. ಇಷ್ಟೆಲ್ಲ ಇರುವಾಗ ಇದೊಂದು ಯಾಕೆ? ದುಡ್ಡು ಎಷ್ಟು, ಟೈಮ್ ಎಷ್ಟು, ಸಿಗೋದೇನು? ಮನೆಯಲ್ಲಿ ಹೆಂಡತಿ ಯೂಟ್ಯೂಬ್ ನೋಡಿ "ಅವರು ಸೈತಾನನ ಪೂಜೆ ಮಾಡೋರು" ಅಂತ ಹೆದರಿಸಿ ಇಟ್ಟಿದ್ದಾಳೆ. ಗೊತ್ತಿದ್ದವರು ಹೇಳಿ.

ಡೊಂಬಿವಲಿ ಲೋಕಲ್

ಸಿಗೋದು ಸಭೆಯಲ್ಲಿ ಕಟ್ಟಿಕೊಳ್ಳಲು ಒಂದು ಏಪ್ರನ್, ಒಂದು ಊಟ. ಕೊಡೋದು ಕಪ್ಪು ಸೂಟಿನ ದುಡ್ಡು, ವರ್ಷದ ಫೀಸು, ಊಟದ ಪಾಲು, ಚಾರಿಟಿಗೆ ಅಂತ ಮತ್ತೊಂದಿಷ್ಟು. ಎಲ್ಲ ಮುಗಿಸಿ ಸಿಎಸ್‌ಎಂಟಿ ಸ್ಟೇಷನ್ನಿಗೆ ಓಡಿ ಬಂದರೆ ಸಿಗುವುದು ಸ್ಲೋ ಲೋಕಲ್.

ಜೋಕ್ ಬಿಡಿ, ನಿಜವಾಗಿ ಕೇಳುತ್ತಿದ್ದೇನೆ. ಒಳ್ಳೆಯ ಕೆಲಸ ಮಾಡುವವರಿಗೆ ಬಾಗಿಲು ಹಾಕಿಕೊಂಡು ಕೂರುವ ದರ್ದು ಏನು?

ಹೋಟೆಲ್ ಗಲ್ಲಾ

ನಮ್ಮ ಅಂಧೇರಿ ಸೈಡಿನ ಇಬ್ಬರು ಹೋಟೆಲಿನವರು ಸೇರಿದ್ದರು, ನನಗೆ ಗೊತ್ತುಂಟು ಮಾರಾಯ್ರೆ. ಒಬ್ಬ ಸೇರಿದ್ದೇ ದೊಡ್ಡ ಜನರ ಪರಿಚಯ ಆಗುತ್ತದೆ, ಲೈಸೆನ್ಸಿನ ಕೆಲಸ ಬೇಗ ಆಗುತ್ತದೆ ಅಂತ. ಏನೂ ಆಗಲಿಲ್ಲ. ಸ್ವಲ್ಪ ಕಾಲ ಹೋಗಿ ಬಂದು ಬಿಟ್ಟುಬಿಟ್ಟ. ಇನ್ನೊಬ್ಬ ಈಗಲೂ ತಪ್ಪದೆ ಹೋಗುತ್ತಾನೆ. ಅಲ್ಲಿ ಎಂತ ಉಂಟು ಅಂತ ಕೇಳಿದರೆ "ಅಲ್ಲಿ ಯಾರೂ ನನ್ನ ಹತ್ತಿರ ಬಿಲ್ಲು ಕಮ್ಮಿ ಮಾಡು ಅಂತ ಹೇಳುವುದಿಲ್ಲ" ಅನ್ನುತ್ತಾನೆ. ಈ ಊರಲ್ಲಿ ಹೋಟೆಲ್ ನಡೆಸಿದವನಿಗೆ ಮಾತ್ರ ಅದರ ಬೆಲೆ ಗೊತ್ತು.

ಕಿಂಗ್ಸ್ ಸರ್ಕಲ್ ಹಿರಿಯ

ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾಗ ಸೇರಿದವನು ನಾನು. ಬ್ಯಾಂಕಿನಿಂದ ರಿಟೈರ್ ಆದೆ, ಲಾಡ್ಜಿನಿಂದ ಆಗಿಲ್ಲ. ಹೇಳಬಹುದಾದದ್ದನ್ನೆಲ್ಲ ಹೇಳುತ್ತೇನೆ. ಹೇಳಬಾರದ್ದು ಬಹಳ ಕಡಿಮೆ: ಒಬ್ಬರನ್ನೊಬ್ಬರು ಗುರುತಿಸುವ ಸನ್ನೆ, ಕೈ ಹಿಡಿಯುವ ರೀತಿ, ಕೆಲವು ಮಾತು. ಅದೂ ಹೊರಗಿನವರಿಗೆ ಗೊತ್ತಿಲ್ಲ ಅಂತಲ್ಲ. 1730ರಲ್ಲೇ ಲಂಡನ್‌ನಲ್ಲಿ ಸಾಮ್ಯುಯೆಲ್ ಪ್ರಿಚರ್ಡ್ ಅನ್ನುವವನು ಎಲ್ಲವನ್ನೂ ಬರೆದು ಅಚ್ಚು ಹಾಕಿಸಿ ಮಾರಿದ. ನಾವು ಕೊಟ್ಟ ಮಾತು ಅಂತ ಉಳಿಸಿಕೊಳ್ಳುತ್ತೇವೆ, ಅಷ್ಟೇ.

ಸೇರಲು 21 ವರ್ಷ ತುಂಬಿದ ಗಂಡಸಾಗಿರಬೇಕು. ದೇವರಲ್ಲಿ ನಂಬಿಕೆ ಇರಬೇಕು. ಯಾವ ದೇವರು ಅಂತ ಯಾರೂ ಕೇಳುವುದಿಲ್ಲ, ಆದರೆ ನಾಸ್ತಿಕರನ್ನು ಸೇರಿಸಿಕೊಳ್ಳುವುದಿಲ್ಲ. ಒಬ್ಬ ಮೆಂಬರ್ ನಿಮ್ಮ ಹೆಸರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ಆಮೇಲೆ ಕೆಲವರು ಕೂತು ನಿಮ್ಮ ಜೊತೆ ಮಾತಾಡುತ್ತಾರೆ. ಮನೆಯವರಿಗೆ ಒಪ್ಪಿಗೆ ಇದೆಯಾ ಅಂತ ಕೇಳಿಯೇ ಕೇಳುತ್ತಾರೆ. ಹಾಗಾಗಿ ಮುಲುಂಡ್ ಅವರೇ, ಮೊದಲು ಯೂಟ್ಯೂಬ್ ಸಮಸ್ಯೆ ಬಗೆಹರಿಸಿಕೊಳ್ಳಿ. ಕೊನೆಗೆ ಗುಟ್ಟಿನ ಮತ. ಒಂದು ಪೆಟ್ಟಿಗೆ, ಬಿಳಿ ಗೋಲಿ, ಕಪ್ಪು ಗೋಲಿ. ಒಳಗೆ ಕೈ ಹಾಕಿ ಬಿಡುವುದು, ಪಕ್ಕದಲ್ಲಿ ನಿಂತವನಿಗೂ ಕಾಣುವುದಿಲ್ಲ. ಇಲ್ಲಿ ಬಹುಮತದ ಲೆಕ್ಕ ಇಲ್ಲ. ಹೆಚ್ಚಿನವರು ಬಿಳಿ ಹಾಕಿದ್ದರೂ ಬೆರಳೆಣಿಕೆಯ ಕಪ್ಪು ಗೋಲಿ ಸಾಕು, ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಮೆಟ್ಟಿಲು ಮೂರು. ಎಂಟರ್ಡ್ ಅಪ್ರೆಂಟಿಸ್, ಫೆಲೋ ಕ್ರಾಫ್ಟ್, ಮಾಸ್ಟರ್ ಮೇಸನ್. ಎಲ್ಲ ಕಲ್ಲುಕುಟಿಗರ ಕಸುಬಿನ ಹೆಸರು. ಮೇಸ್ತ್ರಿಗಳ ಮೂಲೆಮಟ್ಟ, ಕೈವಾರ, ತೂಗುಗುಂಡು ಇಟ್ಟುಕೊಂಡು ನಡತೆಯ ಪಾಠ ಹೇಳುತ್ತಾರೆ. ನೆಲ ಕಪ್ಪು-ಬಿಳುಪು ಚೌಕ. ಪೂರ್ವದಲ್ಲಿ ಮಾಸ್ಟರ್, ಅಂದರೆ ಆ ವರ್ಷದ ಲಾಡ್ಜ್ ಮುಖ್ಯಸ್ಥರ ಕುರ್ಚಿ, ಪಶ್ಚಿಮದಲ್ಲೂ ದಕ್ಷಿಣದಲ್ಲೂ ಇಬ್ಬರು ವಾರ್ಡನ್‌ಗಳು. ಹೊರಬಾಗಿಲಲ್ಲಿ ಬಿಚ್ಚುಗತ್ತಿ ಹಿಡಿದ ಟೈಲರ್, ಬಟ್ಟೆ ಹೊಲಿಯುವವನಲ್ಲ, ಕಾವಲಿನವನು. ನಡುವೆ ಪೀಠದ ಮೇಲೆ ಗೀತೆ, ಕುರಾನ್, ಬೈಬಲ್, ಗುರು ಗ್ರಂಥ, ಪಾರ್ಸಿಗಳ ಅವೆಸ್ತಾ ಒಟ್ಟಿಗೆ. ಪ್ರಮಾಣ ಮಾಡುವವನು ತನ್ನ ಗ್ರಂಥದ ಮೇಲೆ ಕೈ ಇಡುತ್ತಾನೆ. ಧರ್ಮ, ರಾಜಕೀಯ ಎರಡೂ ಒಳಗೆ ಚರ್ಚೆಗೆ ಬರುವಂತಿಲ್ಲ. ಈಗಿನ ವಾಟ್ಸಾಪ್ ಕಾಲದಲ್ಲಿ ಇದೊಂದಕ್ಕೇ ಫೀಸು ಕೊಡಬಹುದು ಅನಿಸುತ್ತದೆ ನನಗೆ.

ಈಗ ಸಿಗೋದೇನು ಅನ್ನುವುದು. ಮುಂಬೈಗೆ ಬಂದ ನಮ್ಮ ಕನ್ನಡದವರಿಗೆ ಸಂಘಗಳಿಗೇನೂ ಕಮ್ಮಿ ಇಲ್ಲ. ಆದರೆ ಹೋದ ಕೂಡಲೇ ಮೊದಲ ಪ್ರಶ್ನೆ ಯಾವ ಊರು, ಎರಡನೆಯದು ಯಾರ ಪೈಕಿ. ಲಾಡ್ಜಿನಲ್ಲಿ ಎರಡನ್ನೂ ಕೇಳಲಿಲ್ಲ. ನಾನು ಸೇರಿದ ಕಾಲದಲ್ಲಿ ಮಾಸ್ಟರ್ ಕುರ್ಚಿಯಲ್ಲಿದ್ದವರು ಒಬ್ಬರು ಶಾಲೆ ಮೇಷ್ಟ್ರು. ಅವರ ಎದುರು ಕೈ ಕಟ್ಟಿ ನಿಂತು ಪಾಠ ಒಪ್ಪಿಸುತ್ತಿದ್ದವರಲ್ಲಿ ಒಬ್ಬ ಕಂಪನಿ ಡೈರೆಕ್ಟರ್ ಇದ್ದ. ವರ್ಷ ಮುಗಿದ ಮೇಲೆ ಮೇಷ್ಟ್ರು ಕುರ್ಚಿ ಬಿಟ್ಟು ಕೆಳಗೆ ಬಂದರು. ಮುಂದೆ ಟೈಲರ್ ಆಗಿ ಬಾಗಿಲ ಹೊರಗೆ ನಿಂತರು. ಕುರ್ಚಿ ಬಿಡಲು ಮನಸ್ಸಿಲ್ಲದ ಅಧ್ಯಕ್ಷರನ್ನು ನಾವೆಲ್ಲ ನಮ್ಮ ಸಂಘಗಳಲ್ಲಿ ನೋಡಿದ್ದೇವೆ, ಹೆಸರು ಬೇಡ.

ಇನ್ನೊಂದು ಸಂಗತಿ. ನನ್ನ ಹೆಂಡತಿಗೆ ಆಪರೇಶನ್ ಆದಾಗ ಮಗ ಪರದೇಶದಲ್ಲಿದ್ದ. ಲಾಡ್ಜಿನ ಒಬ್ಬ ಬೋಹ್ರಾ ಮುಸ್ಲಿಂ ಸ್ನೇಹಿತರು ರಾತ್ರಿ ಆಸ್ಪತ್ರೆ ಕಾರಿಡಾರಿನಲ್ಲಿ ನನ್ನ ಜೊತೆ ಕೂತರು. ಬರುವಾಗ ಥರ್ಮಸಿನಲ್ಲಿ ಚಹಾ ತಂದಿದ್ದರು, ಫೋನ್ ಚಾರ್ಜರ್ ತಂದಿದ್ದರು, ಚಿಲ್ಲರೆ ನೋಟಿನ ಒಂದು ಕಟ್ಟು ತಂದಿದ್ದರು. ಆ ಚಿಲ್ಲರೆ ನೋಡಿ ನಾನು ಬೆರಗಾದೆ. ರಾತ್ರಿ ಮೆಡಿಕಲ್ ಶಾಪಿನಲ್ಲಿ, ಟ್ಯಾಕ್ಸಿಯಲ್ಲಿ ಅದೇ ಕೆಲಸಕ್ಕೆ ಬಂತು. ಅವರ ನನ್ನ ಪರಿಚಯ ಲಾಡ್ಜಿನದ್ದು ಮಾತ್ರ. ಒಬ್ಬರಿಗೊಬ್ಬರು ಆಗಬೇಕು ಅಂತ ನಾವು ಮಾತು ಕೊಟ್ಟಿರುತ್ತೇವೆ, ತನಗೂ ತನ್ನ ಮನೆಯವರಿಗೂ ತೊಂದರೆ ಆಗದ ಮಟ್ಟಿಗೆ. ಈ ಕೊನೆಯ ಷರತ್ತು ನನಗೆ ಬಹಳ ಇಷ್ಟ. ಮನೆ ಮಾರಿ ಸಹಾಯ ಮಾಡು ಅಂತ ಯಾರೂ ಹೇಳುವುದಿಲ್ಲ.

ಬಿಸಿನೆಸ್ಸಿಗೆ ಅಂತ ಬರುವವರು ದಯವಿಟ್ಟು ಬರಬೇಡಿ. ಯಾವ ಲಾಭದ ಆಸೆಯಿಂದಲೂ ಬಂದಿಲ್ಲ ಅಂತ ಮೊದಲೇ ಹೇಳಿಸುತ್ತಾರೆ. ಗಲ್ಲಾ ಅವರ ಮೊದಲನೇ ಸ್ನೇಹಿತರು ಅದನ್ನು ಹೇಳಿಯೇ ಒಳಗೆ ಹೋಗಿರುತ್ತಾರೆ.

ಹೋಟೆಲ್ ಗಲ್ಲಾ

ಹಿರಿಯರೇ, ಅವನು ಹಾಗೆ ಹೇಳಿಯೇ ಪ್ರತಿಯೊಂದು ಕಡೆಯೂ ಹೋಗುವುದು.

ಕಣ್ಣು ತೆರೆಯಿರಿ

ಇದೆಲ್ಲ ಮೇಲಿನ ಪದರ. ಒಳಗೆ ಇಲ್ಯುಮಿನಾಟಿ. ಕೆಳಗಿನ ಮೆಟ್ಟಿಲಿನವರಿಗೆ ಏನೂ ತಿಳಿಸುವುದಿಲ್ಲ. ಪೂಜೆ ಯಾರಿಗೆ ಅಂತ ಮೇಲಿನವರಿಗೆ ಮಾತ್ರ ಗೊತ್ತು. ನೀವೇ ಹುಡುಕಿ ನೋಡಿ.

ಮಡಗಾಂವ್ ಟೀಚರ್

ಹುಡುಕಿ ನೋಡಿಯೇ ಬರೆಯುತ್ತಿದ್ದೇನೆ. ನಾನು ಹಿಸ್ಟರಿ ಪಾಠ ಮಾಡುವವಳು.

ಇಲ್ಯುಮಿನಾಟಿ ಅನ್ನುವುದು 1776ರಲ್ಲಿ ಬವೇರಿಯಾದಲ್ಲಿ ಆಡಂ ವೈಸ್‌ಹಾಪ್ಟ್ ಶುರು ಮಾಡಿದ ಸಂಘ. ಹತ್ತು ವರ್ಷದೊಳಗೆ ಅಲ್ಲಿನ ಸರ್ಕಾರ ಅದನ್ನು ಮುಚ್ಚಿಸಿತು. ಫ್ರೀಮೇಸನ್ನರ ಮೊದಲ ಗ್ರ್ಯಾಂಡ್ ಲಾಡ್ಜ್, ಅಂದರೆ ಲಾಡ್ಜುಗಳ ಮೇಲಿನ ಆಡಳಿತ ಸಂಸ್ಥೆ, ಅದಕ್ಕಿಂತ ಹಿಂದಿನದು. 1717ರ ಜೂನ್ 24ಕ್ಕೆ ಲಂಡನ್ನಿನ ಒಂದು ಪಾನಗೃಹದಲ್ಲಿ ನಾಲ್ಕು ಲಾಡ್ಜುಗಳು ಸೇರಿ ಮಾಡಿಕೊಂಡದ್ದು.

ಸೈತಾನನ ಪೂಜೆಯ ಕತೆಗೆ ಒಬ್ಬ ದೊಡ್ಡ ಕತೆಗಾರನೇ ಇದ್ದಾನೆ. ಫ್ರಾನ್ಸಿನ ಲಿಯೋ ಟಾಕ್ಸಿಲ್. ಮೇಸನ್ನರು ದೆವ್ವ ಕರೆಸುತ್ತಾರೆ ಅಂತ ವರ್ಷಗಟ್ಟಲೆ ಬರೆದು ಚೆನ್ನಾಗಿ ಮಾರಿದ. ಚರ್ಚಿನ ದೊಡ್ಡವರೂ ನಂಬಿದರು. 1897ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನಲ್ಲಿ ಸಭೆ ಕರೆದು, "ಎಲ್ಲ ನಾನೇ ಕಟ್ಟಿದ ಕತೆ" ಅಂತ ತಾನೇ ಹೇಳಿದ. ಹೇಳಿದ್ದನ್ನು ಜನ ಮರೆತರು, ಕತೆ ಮಾತ್ರ ಇನ್ನೂ ಓಡುತ್ತಿದೆ. ಮುಲುಂಡ್ ಅವರ ಮನೆಯವರು ನೋಡಿದ ವಿಡಿಯೋದ ಮುತ್ತಜ್ಜ ಅವನೇ ಇರಬೇಕು.

ಆದರೆ ನಾನು ಅವರ ವಕೀಲಳಲ್ಲ. ನನ್ನ ತಕರಾರು ಬೇರೆ ಇದೆ, ಆಮೇಲೆ ಬರೆಯುತ್ತೇನೆ. ಪೇಪರ್ ತಿದ್ದುವುದು ಬಾಕಿ ಇದೆ.

ಡೊಂಬಿವಲಿ ಲೋಕಲ್

ಸೈತಾನ ಬಿಡಿ, ಅವನಿಗೆ ಲೋಕಲ್‌ನಲ್ಲಿ ಸೀಟು ಸಿಗುವುದಿಲ್ಲ. ಮನುಷ್ಯರ ವಿಷಯಕ್ಕೆ ಬರೋಣ. ಇಟಲಿಯಲ್ಲಿ ಪಿ-2 ಅನ್ನುವ ಲಾಡ್ಜ್ ಇತ್ತು. 1981ರಲ್ಲಿ ಪೊಲೀಸರು ಅದರ ಮುಖ್ಯಸ್ಥ ಲೀಚೋ ಜೆಲ್ಲಿ ಅನ್ನುವವನ ಕಡೆ ಶೋಧ ಮಾಡಿದಾಗ 962 ಹೆಸರಿನ ಪಟ್ಟಿ ಸಿಕ್ಕಿತು. ಮಂತ್ರಿಗಳು, ಸೇನೆಯ ಜನರಲ್‌ಗಳು, ಬ್ಯಾಂಕಿನವರು, ಪತ್ರಿಕೆಯವರು. ಸರ್ಕಾರವೇ ಬಿತ್ತು. ಇಂಗ್ಲೆಂಡಿನಲ್ಲೂ 1998ರಿಂದ ಹೊಸದಾಗಿ ಜಡ್ಜ್ ಆಗುವವರು ತಾವು ಮೇಸನ್ನೋ ಅಲ್ಲವೋ ಹೇಳಬೇಕು ಅಂತ ಮಾಡಿದ್ದರು. ಆ ನಿಯಮ 2009ರವರೆಗೆ ಇತ್ತು. ಸುಮ್ನೆ ಮಾಡುತ್ತಾರಾ?

ಕಿಂಗ್ಸ್ ಸರ್ಕಲ್ ಹಿರಿಯ

ಪಿ-2ವನ್ನು ಇಟಲಿಯ ಗ್ರ್ಯಾಂಡ್ ಓರಿಯೆಂಟ್, ಅಂದರೆ ಅಲ್ಲಿನ ಗ್ರ್ಯಾಂಡ್ ಲಾಡ್ಜ್, 1976ರಲ್ಲೇ ಅಮಾನತು ಮಾಡಿತ್ತು.

ಡೊಂಬಿವಲಿ ಲೋಕಲ್

ಅಮಾನತಾದ ಮೇಲೂ ಐದು ವರ್ಷ ನಡೆಯಿತಲ್ಲ ಸರ್. ನಾನು ಹೇಳುವುದು ಅದನ್ನೇ. ಬಾಗಿಲು ಹಾಕಿದ್ದರೆ ಒಳಗಿನವರಿಗೇ ಗೊತ್ತಾಗುವುದಿಲ್ಲ.

ಕಿಂಗ್ಸ್ ಸರ್ಕಲ್ ಹಿರಿಯ

ಅದು ಸರಿಯಾದ ಮಾತು. ಒಪ್ಪುತ್ತೇನೆ. ನಮ್ಮ ಹಾಲಿನ ಮೇಲೆ ಬೋರ್ಡ್ ಇದೆ, ನಾವು ಮೆಂಬರ್ ಅಂತ ನಾವೇ ಹೇಳಿಕೊಳ್ಳಬಹುದು, ಕಾನೂನಿಗೆ ತಲೆಬಾಗು ಅಂತ ಮೊದಲ ದಿನವೇ ಹೇಳುತ್ತಾರೆ. ಇದೆಲ್ಲ ಇದ್ದರೂ ಕೆಟ್ಟವನು ಸೇರಿದರೆ ಕೆಟ್ಟದ್ದೇ ಮಾಡುತ್ತಾನೆ. ಕಪ್ಪು ಗೋಲಿ ಇರುವುದು ಅದಕ್ಕೇ. ಯಾವಾಗಲೂ ಸಾಲುವುದಿಲ್ಲ.

ಕುಲಶೇಖರ ಟು ಕಾಂದಿವಲಿ

ನಾವು ಮಂಗಳೂರಿನ ಕ್ಯಾಥೊಲಿಕರು. ನನ್ನಂಥವರು ಇದನ್ನು ಓದುತ್ತಿದ್ದರೆ ಒಂದು ವಿಷಯ ಗೊತ್ತಿರಲಿ. ಲಾಡ್ಜಿನವರು ನಮ್ಮನ್ನು ಬೇಡ ಅನ್ನುವುದಿಲ್ಲ. ಬೇಡ ಅನ್ನುವುದು ನಮ್ಮ ಚರ್ಚ್. 1738ರಲ್ಲಿ ಪೋಪ್ ಹನ್ನೆರಡನೇ ಕ್ಲೆಮೆಂಟ್ ಮೊದಲು ನಿಷೇಧಿಸಿದರು. 1983ರಲ್ಲಿ ಹೊಸ ಕಾನೂನು ಸಂಹಿತೆ ಬಂದಾಗ ಅದರಲ್ಲಿ ಮೇಸನ್ ಅನ್ನುವ ಹೆಸರು ಇರಲಿಲ್ಲ, ಎಷ್ಟೋ ಜನ ಇನ್ನು ಪರವಾಗಿಲ್ಲ ಅಂದುಕೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ಕಾರ್ಡಿನಲ್ ರಾಟ್ಸಿಂಗರ್ ಸಹಿಯ ಪ್ರಕಟಣೆ ಬಂತು: ಸೇರಿದವರು ಗಂಭೀರ ಪಾಪದಲ್ಲಿದ್ದಾರೆ, ಪರಮಪ್ರಸಾದ ತೆಗೆದುಕೊಳ್ಳುವಂತಿಲ್ಲ. ಮುಂದೆ ಪೋಪ್ ಬೆನೆಡಿಕ್ಟ್ ಆದವರು ಅವರೇ. 2023ರ ನವೆಂಬರ್‌ನಲ್ಲಿ ವ್ಯಾಟಿಕನ್ ಅದನ್ನೇ ಮತ್ತೆ ಹೇಳಿತು.

ನನ್ನ ಆಫೀಸಿನ ಮೇಸನ್ ಸ್ನೇಹಿತರು ಬಹಳ ಒಳ್ಳೆಯವರು. ಆದರೆ ನನ್ನ ಅಮ್ಮ ಭಾನುವಾರ ಚರ್ಚಿನಲ್ಲಿ ನಾನು ಪ್ರಸಾದದ ಸಾಲಿಗೆ ಹೋಗದೆ ಕೂತಿದ್ದನ್ನು ನೋಡಿದರೆ ಯಾವ ಲಾಡ್ಜೂ ನನ್ನನ್ನು ಕಾಪಾಡುವುದಿಲ್ಲ. ನಾನು ಸೇರಲಿಲ್ಲ.

ಮಡಗಾಂವ್ ಟೀಚರ್

ಗೋವಾದಲ್ಲಿ ಚರ್ಚ್ ಮಾತ್ರ ಅಲ್ಲ, ಸರ್ಕಾರವೂ ಬೇಡ ಅಂದಿತ್ತು. 1935ರಲ್ಲಿ ಪೋರ್ಚುಗಲ್‌ನ ಸಲಾಜಾರ್ ಆಡಳಿತ ರಹಸ್ಯ ಸಂಘಗಳನ್ನೆಲ್ಲ ನಿಷೇಧಿಸಿತು, ಮೇಸನ್ನರು ಅದರಲ್ಲಿ ಬಂದರು. ಇಲ್ಲಿ ಆ ಆಡಳಿತ ಹೋದದ್ದು 1961ರ ಡಿಸೆಂಬರ್‌ನಲ್ಲಿ. ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಶುರುವಾದದ್ದು ಅದೇ ವರ್ಷ ನವೆಂಬರ್ 24ಕ್ಕೆ. ಮೊದಲ ಗ್ರ್ಯಾಂಡ್ ಮಾಸ್ಟರ್ ರಾಂಪುರದ ನವಾಬ ರಝಾ ಅಲಿ ಖಾನ್. ಸುಮ್ನೆ ಹೇಳಿದೆ, ಎರಡಕ್ಕೂ ಸಂಬಂಧ ಇಲ್ಲ. ಪಾಕಿಸ್ತಾನದಲ್ಲಿ 1972ರಲ್ಲಿ ಲಾಡ್ಜುಗಳನ್ನೇ ಮುಚ್ಚಿಸಿ ಕಟ್ಟಡಗಳನ್ನು ಸರ್ಕಾರ ತೆಗೆದುಕೊಂಡಿತು.

ಜಾತಿ ಕೇಳುವುದಿಲ್ಲ ಅಂತ ಹಿರಿಯರು ಬರೆದಿದ್ದಾರಲ್ಲ, ಅದಕ್ಕೆ ಮುಂಬೈಯದ್ದೇ ಒಂದು ಕತೆ ಇದೆ. ಮುಂಬೈಗೆ ಲಾಡ್ಜ್ ಬಂದದ್ದು 1758ರಲ್ಲಿ. ಆಮೇಲೆ ಬಹಳ ಕಾಲ ಅದು ಬಿಳಿಯರದ್ದೇ. ಮಾಣೆಕ್‌ಜಿ ಕರ್ಸೆಟ್‌ಜಿ ಅನ್ನುವ ಪಾರ್ಸಿ ಸೇರಬೇಕು ಅಂದರೆ ಇಲ್ಲಿ ಬಿಡಲಿಲ್ಲ. ಅವರು ಫ್ರಾನ್ಸಿಗೆ ಹೋಗಿ ಅಲ್ಲಿ ಮೇಸನ್ ಆಗಿ ಬಂದರು. ಈಗ ಏನು ಮಾಡ್ತೀರಿ? ಸ್ಕಾಟ್ಲೆಂಡಿನ ಡಾಕ್ಟರ್ ಜೇಮ್ಸ್ ಬರ್ನ್ಸ್ ಮುಂದೆ ನಿಂತು 1843ರಲ್ಲಿ ಭಾರತೀಯರನ್ನೂ ಸೇರಿಸುವ ಲಾಡ್ಜ್ ಮಾಡಿದರು. ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ ಅಂತ ಅದರ ಹೆಸರು. ಕಾಂಗ್ರೆಸ್ ನಾಯಕ ಫಿರೋಜ್‌ಶಾ ಮೆಹ್ತಾ ಕೂಡ ಮೇಸನ್ನೇ. ಕೋಲ್ಕತ್ತದಲ್ಲಿ 1884ರಲ್ಲಿ ನರೇಂದ್ರನಾಥ ದತ್ತ ಅನ್ನುವ ಯುವಕ ಆ್ಯಂಕರ್ ಆ್ಯಂಡ್ ಹೋಪ್ ಲಾಡ್ಜ್ ಸೇರಿದರು. ನಾವು ಅವರನ್ನು ವಿವೇಕಾನಂದ ಅಂತ ಕರೆಯುವುದು.

ಅಂದರೆ "ಯಾರನ್ನೂ ಬೇರೆ ಮಾಡುವುದಿಲ್ಲ" ಅನ್ನುವುದು ಮೊದಲ ದಿನದಿಂದ ಇದ್ದದ್ದಲ್ಲ. ಒಬ್ಬರು ಪ್ಯಾರಿಸ್ಸಿನವರೆಗೆ ಹೋಗಿ ಬಂದ ಮೇಲೆ ಬಾಗಿಲು ಸರಿದದ್ದು. ಈಗ ನನ್ನ ತಕರಾರು. ಇಂಥ ಮಾತಾಡುವವರು ಹೆಂಗಸರನ್ನು ಯಾಕೆ ಹೊರಗೆ ಇಟ್ಟಿದ್ದಾರೆ?

ಕಿಂಗ್ಸ್ ಸರ್ಕಲ್ ಹಿರಿಯ

ಅಕ್ಕಾ, ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಹಳೆಯ ನಿಯಮ ಅಂತ ಹೇಳಬಹುದು. ಕಲ್ಲುಕುಟಿಗರ ಸಂಘದಿಂದ ಬಂದದ್ದು ಅಂತ ಹೇಳುತ್ತಾರೆ. ನನ್ನ ಮಗಳು ಕೇಳಿದಾಗ ಅದನ್ನೇ ಹೇಳಿದೆ, ಅವಳು "ಅಪ್ಪಾ, ನೀವು ಯಾವತ್ತು ಕಲ್ಲು ಕುಟ್ಟಿದಿರಿ?" ಅಂದಳು. ಕುಟುಂಬದವರನ್ನು ಕರೆಯುವ ಲೇಡೀಸ್ ನೈಟ್ ಇರುತ್ತದೆ, ಪಿಕ್ನಿಕ್ ಇರುತ್ತದೆ. ನೀವು ಕೇಳಿದ್ದು ಅದಲ್ಲ ಅಂತ ಗೊತ್ತು.

ಮಡಗಾಂವ್ ಟೀಚರ್

ಊಟಕ್ಕೆ ಕರೆದರೆ ಆಯಿತಾ! ಇರಲಿ, ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್. ಉಳಿದ ಅಕ್ಕತಂಗಿಯರಿಗೆ: ಆನಿ ಬೆಸೆಂಟ್ 1902ರಲ್ಲಿ ಪ್ಯಾರಿಸ್ಸಿನಲ್ಲಿ ಗಂಡಸರು ಹೆಂಗಸರು ಇಬ್ಬರೂ ಇರುವ ಲಾಡ್ಜ್ ಸೇರಿದರು. ಅದು 1893ರಲ್ಲಿ ಶುರುವಾದ ಸಂಘ. ಥಿಯಾಸಫಿಯವರ ಮೂಲಕ ಅದು ನಮ್ಮ ದೇಶಕ್ಕೂ ಬಂತು, ಕೋ-ಮೇಸನ್ರಿ ಅನ್ನುತ್ತಾರೆ. ಹಿರಿಯರ ಗ್ರ್ಯಾಂಡ್ ಲಾಡ್ಜ್ ಅದಕ್ಕೆ ಮಾನ್ಯತೆ ಕೊಡುವುದಿಲ್ಲ.

ಕೊಥ್ರೂಡ್ ಫೇಡಾ

ನಾನು ಧಾರವಾಡದವನು, ಪುಣೆಯಲ್ಲಿ ಐಟಿ. ಸೇರಿ ಬಿಟ್ಟವನು ನಾನು, ಆ ಕಡೆಯದ್ದೂ ಸ್ವಲ್ಪ ಕೇಳ್ರಿ. ಯಾರ ಮೇಲೂ ಸಿಟ್ಟಿಲ್ಲ.

ಮೊದಲನೆಯದು ಟೈಮ್. ಮೀಟಿಂಗ್ ವಾರದ ನಡುವೆ, ಸಂಜೆ. ಹಿಂಜವಡಿಯಿಂದ ಲಾಡ್ಜ್ ಹಾಲ್ ಇರುವ ಕ್ಯಾಂಪ್‌ಗೆ ಸಂಜೆ ಟ್ರಾಫಿಕ್‌ನಲ್ಲಿ ಹೋಗಿ ನೋಡಿ, ನಿಮ್ಮ ದೇವರ ನಂಬಿಕೆ ಅಲ್ಲೇ ಪರೀಕ್ಷೆ ಆಗುತ್ತದೆ. ಟೈ ಕಟ್ಟಿಕೊಂಡು ಟೂವೀಲರ್ ಮೇಲೆ ಬೇರೆ. ಮೀಟಿಂಗ್ ತಿಂಗಳಿಗೊಂದೇ ಇರಬಹುದು, ಆದರೆ ಯಾರಾದರೂ ಹೊಸಬರು ಸೇರುವುದಿದ್ದರೆ ರಿಹರ್ಸಲ್ ಇರುತ್ತದೆ. ಆಫೀಸರ್ ಆದರೆ ತಪ್ಪಿಸುವಂತಿಲ್ಲ.

ಎರಡನೆಯದು, ಎಲ್ಲ ಇಂಗ್ಲಿಷ್. ಅದೂ ಮುನ್ನೂರು ವರ್ಷ ಹಿಂದಿನ ಇಂಗ್ಲಿಷ್. ಪುಟಗಟ್ಟಲೆ ಬಾಯಿಪಾಠ ಮಾಡಿ ನಿಂತು ಹೇಳಬೇಕು. ಕೋಡ್ ಬರೆದು ಬರೆದು ನನ್ನ ತಲೆಯಲ್ಲಿ ಜಾಗ ಇರಲಿಲ್ಲ. ಮೂರನೆಯದು, ನನ್ನ ವಯಸ್ಸಿನವರೇ ಇರಲಿಲ್ಲ. ಒಳ್ಳೆಯವರು, ಆದರೆ ಮಾತೆಲ್ಲ ಪೆನ್ಶನ್ನು, ಮೊಣಕಾಲು.

ಬಿಡುವುದು ಕಷ್ಟ ಅಂತ ಹೆದರಿಸುತ್ತಾರೆ, ಹಾಗೇನಿಲ್ಲ. ಬಾಕಿ ಕಟ್ಟಿ, ರಾಜೀನಾಮೆ ಪತ್ರ ಕೊಟ್ಟೆ. ಸೆಕ್ರೆಟರಿ ಫೋನ್ ಮಾಡಿ "ಮತ್ತೆ ಯಾವಾಗ ಬೇಕಾದರೂ ಬಾ" ಅಂದರು. ಅಷ್ಟೇ ಆದದ್ದು. ರಾತ್ರಿ ಯಾರೂ ಕತ್ತಿ ಹಿಡಿದು ಮನೆಗೆ ಬರಲಿಲ್ಲ.

ಹೋಟೆಲ್ ಗಲ್ಲಾ

ಬಾಯಿಪಾಠ ಅಂದ ಕೂಡಲೇ ನನಗೆ ಇಂಟರೆಸ್ಟ್ ಬಂತು. ನಾನು ಸಣ್ಣದಿರುವಾಗ ಊರಲ್ಲಿ ಯಕ್ಷಗಾನದ ಬಾಲಗೋಪಾಲ ವೇಷ ಕಟ್ಟಿದವನು. ಹೆಜ್ಜೆ ಎಲ್ಲಿ ಇಡಬೇಕು, ಯಾರು ಹೇಳಿದ ಮೇಲೆ ಯಾರು ಹೇಳಬೇಕು, ಚೌಕಿಯಿಂದ ಯಾವಾಗ ಹೊರಡಬೇಕು, ಎಲ್ಲ ಲೆಕ್ಕ. ಇವರದ್ದೂ ಹಾಗೆಯೇ ಇರಬೇಕು. ಆ ಇನ್ನೊಬ್ಬ ಹೋಟೆಲಿನವನು ಇದ್ದಾನಲ್ಲ, ಕ್ಯಾಶ್ ಕೌಂಟರಿನಲ್ಲಿ ಕೂತು ತುಟಿ ಅಲ್ಲಾಡಿಸುತ್ತಾ ಇರುತ್ತಾನೆ. ಮಂತ್ರ ಅಂತ ಹುಡುಗರು ಅಂದುಕೊಂಡಿದ್ದಾರೆ.

ಕಿಂಗ್ಸ್ ಸರ್ಕಲ್ ಹಿರಿಯ

ಫೇಡಾ ಅವರು ಬರೆದದ್ದು ಎಲ್ಲ ನಿಜ. ಪುಸ್ತಕ ನೋಡಿ ಓದುವುದನ್ನು ಒಳ್ಳೆಯ ಲಾಡ್ಜುಗಳು ಇಷ್ಟಪಡುವುದಿಲ್ಲ. ಆದರೆ ಅವರಿಗೆ ಭಾರ ಆದದ್ದೇ ನನಗೆ ಸಿಕ್ಕಿದ ದೊಡ್ಡ ಲಾಭ. ಬ್ಯಾಂಕಿನಲ್ಲಿ ಮೀಟಿಂಗ್ ಅಂದರೆ ನಿಜವಾಗಿ ನನ್ನ ಬಾಯಿ ಒಣಗುತ್ತಿತ್ತು. ಕನ್ನಡ ಮೀಡಿಯಮ್ಮಿನವನು. ಎಲ್ಲರೆದುರು ನಿಂತು ಇಂಗ್ಲಿಷಿನಲ್ಲಿ ಎರಡು ಮಾತು ಆಡಲಾರದವನು. ಲಾಡ್ಜಿನಲ್ಲಿ ಮೊದಲು ಸಣ್ಣ ಕೆಲಸ ಕೊಟ್ಟರು, ಎರಡು ಸಾಲು. ಆಮೇಲೆ ಅರ್ಧ ಪುಟ. ತಪ್ಪಿದರೆ ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಮೆಲ್ಲಗೆ ಒಂದು ಶಬ್ದ ಎತ್ತಿ ಕೊಡುತ್ತಾರೆ, ಯಾರೂ ನಗುವುದಿಲ್ಲ. ಅವರೂ ಒಂದು ಕಾಲಕ್ಕೆ ಅಲ್ಲೇ ನಿಂತು ತಡವರಿಸಿದವರು. ಮಾಟುಂಗಾ ಸ್ಟೇಷನ್ನಿನಿಂದ ಮನೆಗೆ ನಡೆಯುತ್ತಾ ಬಾಯಿಪಾಠ ಮಾಡಿದ್ದೇನೆ. ದುಡ್ಡು ಕೊಟ್ಟು ಕಲಿಸುವ ಕ್ಲಾಸುಗಳಿಂದ ಇದು ಆಗುತ್ತಿರಲಿಲ್ಲ.

ಮುಲುಂಡ್ ಮಾಣಿ

ಇದು ಕೇಳಿ ನನಗೆ ಸ್ವಲ್ಪ ಆಸೆ ಆಯಿತು ಸರ್. ಖರ್ಚಿನ ವಿಷಯ ಹೇಳಿ. ಮತ್ತೆ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ, ಕುತ್ತಿಗೆಗೆ ಹಗ್ಗ ಹಾಕುತ್ತಾರೆ, ಪ್ಯಾಂಟಿನ ಒಂದು ಕಾಲು ಮಡಚುತ್ತಾರೆ ಅಂತ ಓದಿದೆ. ಹೌದಾ?

ಕಿಂಗ್ಸ್ ಸರ್ಕಲ್ ಹಿರಿಯ

ಲಾಡ್ಜಿನಿಂದ ಲಾಡ್ಜಿಗೆ ಬೇರೆ, ಅದಕ್ಕೆ ಇಲ್ಲಿ ಸಂಖ್ಯೆ ಹಾಕುವುದಿಲ್ಲ. ನಿಮ್ಮ ಪಾರ್ಸಿ ಸಾಹೇಬರನ್ನು ಮುಚ್ಚುಮರೆ ಇಲ್ಲದೆ ಕೇಳಿ: ಸೇರುವಾಗ ಎಷ್ಟು, ವರ್ಷಕ್ಕೆ ಎಷ್ಟು, ಊಟ ಅದರಲ್ಲೇ ಬಂತೋ ಬೇರೆಯೋ, ಏಪ್ರನ್ ಯಾರು ಕೊಡುತ್ತಾರೆ, ಮುಂದೆ ಮಾಸ್ಟರ್ ಆಗುವ ವರ್ಷ ಕೈಯಿಂದ ಎಷ್ಟು ಹೋಗುತ್ತದೆ. ಕೊನೆಯದನ್ನು ಜನ ಕೇಳುವುದೇ ಇಲ್ಲ. ಮನೆ ಖರ್ಚು, ಮಕ್ಕಳ ಫೀಸಿಗೆ ಕೈ ಹಾಕಿ ಸೇರುವುದನ್ನು ಲಾಡ್ಜಿನವರೇ ಒಪ್ಪುವುದಿಲ್ಲ. ಚಾರಿಟಿ ಚೀಲ ಪ್ರತಿ ಸಭೆಯಲ್ಲೂ ಸುತ್ತು ಬರುತ್ತದೆ. ಎಷ್ಟು ಹಾಕಿದಿರಿ ಅಂತ ಯಾರೂ ನೋಡುವುದಿಲ್ಲ. ಆ ದುಡ್ಡು ಕಷ್ಟದಲ್ಲಿರುವ ಮೆಂಬರುಗಳ ಮನೆಗೆ, ಹೊರಗಿನವರ ಆಸ್ಪತ್ರೆ, ಶಾಲೆ ಖರ್ಚಿಗೆ ಹೋಗುತ್ತದೆ. ಕೊಯಮತ್ತೂರಿನಲ್ಲಿ ಮಕ್ಕಳ ಆಸ್ಪತ್ರೆ, ನೋಯ್ಡಾದಲ್ಲಿ ಪಾಲಿಕ್ಲಿನಿಕ್ ಮೇಸನ್ನರು ಕಟ್ಟಿದ್ದು.

ಕಣ್ಣಿಗೆ ಬಟ್ಟೆಯ ವಿಷಯ. ಓದಿದ್ದೀರಿ, ನಾನು ಇಲ್ಲ ಅನ್ನುವುದಿಲ್ಲ. ಹೌದು ಅಂತ ವಿವರಿಸುವುದೂ ಇಲ್ಲ. ದಯವಿಟ್ಟು ಇನ್ನು ಓದಬೇಡಿ, ಆ ಸಂಜೆ ಒಂದೇ ಸಲ ಬರುವುದು.

ಹೋಟೆಲ್ ಗಲ್ಲಾ

ಸೇರುವ ಸಂಜೆ ಮೈಮೇಲೆ ಲೋಹ ಇರಬಾರದು ಅಂತ ಆ ಹೋಟೆಲಿನವನು ಹೇಳಿದ್ದ. ನಮ್ಮ ಬೆಳ್ಳಿ ಉಡಿದಾರದ ಗತಿ ಎಂತ?

ಕಿಂಗ್ಸ್ ಸರ್ಕಲ್ ಹಿರಿಯ

ಮನೆಯಲ್ಲೇ ತೆಗೆದಿಟ್ಟು ಬನ್ನಿ, ಕಳೆದುಹೋದರೆ ಟೈಲರ್ ಹೊಣೆ ಅಲ್ಲ. ಜನಿವಾರ ನೂಲು, ತೊಂದರೆ ಇಲ್ಲ. ಉಂಗುರ ಬೆರಳಿನಿಂದ ಬರದಿದ್ದರೆ ಟೇಪ್ ಸುತ್ತುವುದುಂಟು. ಯಾಕೆ ಲೋಹ ಬೇಡ ಅನ್ನುವುದು ಅದೇ ಸಂಜೆ ಗೊತ್ತಾಗುತ್ತದೆ.

ಕಣ್ಣು ತೆರೆಯಿರಿ

ಉತ್ತರ ಕೊಡದೆ ಜಾರಿಕೊಳ್ಳುವುದು ನೋಡಿ. ಯಾಕೆ ಅಂತ ಹೇಳಲಿಕ್ಕೆ ಏನು ಕಷ್ಟ?

ಡೊಂಬಿವಲಿ ಲೋಕಲ್

ಅಣ್ಣಾ, ನಾನೂ ಅವರ ವಿರೋಧಿಯೇ. ಆದರೆ ಉಡಿದಾರದಲ್ಲಿ ಸೈತಾನನನ್ನು ಹುಡುಕಬೇಡಿ, ಪ್ಲೀಸ್.

ಊಟದ ಬಗ್ಗೆ ಯಾರೂ ಬರೆಯಲಿಲ್ಲ. ನನ್ನ ಮಟ್ಟಿಗೆ ಮುಖ್ಯ ಪ್ರಶ್ನೆ ಅದೇ.

ಕಿಂಗ್ಸ್ ಸರ್ಕಲ್ ಹಿರಿಯ

ಕೊನೆಗೂ ಸರಿಯಾದ ಪ್ರಶ್ನೆ. ಸಭೆ ಮುಗಿದ ಮೇಲಿನ ಊಟಕ್ಕೆ ಫೆಸ್ಟಿವ್ ಬೋರ್ಡ್ ಅನ್ನುತ್ತೇವೆ. ನಿಜವಾದ ಸ್ನೇಹ ಆಗುವುದು ಅಲ್ಲಿ. ಮೇಲೆ ಅಷ್ಟು ಹೊತ್ತು ಗಂಭೀರವಾಗಿ ಇದ್ದವರು ಟೈ ಸಡಿಲ ಮಾಡಿ ಒಬ್ಬರ ಕಾಲು ಇನ್ನೊಬ್ಬರು ಎಳೆಯುತ್ತಾರೆ. ಪಾರ್ಸಿ ಮೆಂಬರುಗಳು ಜಾಸ್ತಿ ಇರುವ ಕಡೆ ಅವರ ಅಡುಗೆ, ಕುಡಿಯುವವರಿಗೆ ಒಂದು ಗ್ಲಾಸು, ನಮ್ಮಂಥ ಪುಳಿಚಾರಿಗೆ ಬೇರೆ ಸಾಲು. ಗ್ಲಾಸು ಎತ್ತಿ ಶುಭ ಕೋರುವ ಸಂಪ್ರದಾಯ ಇದೆ, ನಾನು ನೀರಿನಲ್ಲೇ ಎತ್ತುತ್ತೇನೆ.

ಇದು ಸಣ್ಣ ವಿಷಯ ಅನಿಸಬಹುದು. ಜಂಗಲ್ ಬುಕ್ ಬರೆದ ಕಿಪ್ಲಿಂಗ್ ಗೊತ್ತಲ್ಲ, 1865ರಲ್ಲಿ ಇದೇ ಮುಂಬೈಯಲ್ಲಿ ಹುಟ್ಟಿದವನು. 1886ರಲ್ಲಿ ಲಾಹೋರಿನ ಲಾಡ್ಜ್ ಸೇರಿದ, ಇನ್ನೂ 21 ಆಗಿರಲಿಲ್ಲ, ವಿಶೇಷ ಪರವಾನಗಿ ಕೊಟ್ಟು ಸೇರಿಸಿಕೊಂಡರು. ಹಿಂದೂ, ಮುಸ್ಲಿಂ, ಯಹೂದಿ, ಇಂಗ್ಲಿಷರು ಎಲ್ಲ ಒಳಗೆ ಅಣ್ಣತಮ್ಮಂದಿರು ಅಂತ ಬರೆದ. ಆದರೆ ಒಟ್ಟಿಗೆ ಕೂತು ಉಣ್ಣುವಂತಿರಲಿಲ್ಲ, ಯಾರದಾದರೂ ಜಾತಿ ಕೆಟ್ಟೀತು ಅಂತ. ಈಗ ನಾವು ಒಂದೇ ಮೇಜಿನಲ್ಲಿ ಕೂತು ಅವರ ತಟ್ಟೆಯ ಚಿಪ್ಸ್ ಇವರು ಎತ್ತುತ್ತೇವೆ.

ಬೆಳಗಾವಿ ಟು ಬಾಣೇರ್

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಬೆಂಗಳೂರಿನ ಒಂದು ಲಾಡ್ಜಿನಲ್ಲಿ ಮಾಸ್ಟರ್ ಮೇಸನ್. ಈಗ ಪುಣೆಗೆ ವರ್ಗ ಆಗಿದೆ. ಇಲ್ಲಿ ಯಾರೂ ಗೊತ್ತಿಲ್ಲ, ಕನ್ನಡ ಸಂಘಕ್ಕೆ ಒಂದು ಸಲ ಹೋಗಿ ಬಂದೆ. ನೇರವಾಗಿ ಕ್ಯಾಂಪಿನ ಹಾಲಿಗೆ ಹೋಗಬಹುದಾ? ಹಳೆಯ ಲಾಡ್ಜ್ ಬಿಡಬೇಕಾ?

ಕಿಂಗ್ಸ್ ಸರ್ಕಲ್ ಹಿರಿಯ

ಬ್ರದರ್, ಬಿಡಬೇಕಾಗಿಲ್ಲ. ಎರಡು ಕಡೆ ಮೆಂಬರ್ ಇರಬಹುದು, ಎರಡು ಕಡೆ ಫೀಸು ಕಟ್ಟಬೇಕು ಅಷ್ಟೇ. ಮೊದಲು ಅತಿಥಿಯಾಗಿ ಹೋಗಿ. ಗ್ರ್ಯಾಂಡ್ ಲಾಡ್ಜ್ ಸರ್ಟಿಫಿಕೇಟ್ ತೆಗೆದುಕೊಂಡು ಹೋಗಿ, ಬೆಂಗಳೂರಿನಲ್ಲಿ ಬಾಕಿ ಇಲ್ಲ ಅನ್ನುವ ರಸೀತಿಯೂ ಇರಲಿ. ಯಾರಿಗೂ ಪರಿಚಯ ಇಲ್ಲದಿದ್ದರೆ ಒಳಗೆ ಬಿಡುವ ಮೊದಲು ಒಬ್ಬರು ಪಕ್ಕಕ್ಕೆ ಕರೆದು ಪರೀಕ್ಷೆ ಮಾಡುತ್ತಾರೆ. ಹಳೆಯ ಪಾಠ ಮರೆತಿದ್ದರೆ ರೈಲಿನಲ್ಲಿ ಒಮ್ಮೆ ನೆನಪು ಮಾಡಿಕೊಳ್ಳಿ. ಪುಣೆಯಲ್ಲಿ ಒಂದಕ್ಕಿಂತ ಜಾಸ್ತಿ ಲಾಡ್ಜ್ ಇವೆ. ಕೆಲವು ನಮ್ಮ ಗ್ರ್ಯಾಂಡ್ ಲಾಡ್ಜಿನ ಕೆಳಗೆ ಬರುವುದಿಲ್ಲ, 1961ರ ನಂತರವೂ ಇಂಗ್ಲಿಷ್, ಸ್ಕಾಟಿಷ್ ಮೂಲದಲ್ಲೇ ಉಳಿದ ಲಾಡ್ಜುಗಳು ದೇಶದಲ್ಲಿವೆ. ಅಲ್ಲಿಗೂ ಹೋಗಬಹುದು, ಪರಸ್ಪರ ಮಾನ್ಯತೆ ಇದೆ. ಎರಡು ಮೂರು ಕಡೆ ಕೂತು ನೋಡಿ ಆಮೇಲೆ ಅರ್ಜಿ ಹಾಕಿ. ನಿಮ್ಮ ವಯಸ್ಸಿನವರು ಎಲ್ಲಿ ಇದ್ದಾರೆ ಅಂತ ನೋಡಿ, ಫೇಡಾ ಅವರಿಗಾದಂತೆ ಆಗಬಾರದು.

ಕೊಥ್ರೂಡ್ ಫೇಡಾ

ಬಾಣೇರ್‌ನಿಂದ ಹೋಗುವುದಾದರೆ ನಾಲ್ಕೂವರೆಗೇ ಹೊರಡ್ರಿ. ಯೂನಿವರ್ಸಿಟಿ ಚೌಕ ದಾಟಿದರೆ ಅರ್ಧ ಗೆದ್ದಂತೆ. ನನ್ನ ಸೂಟು ಬೀರುವಿನಲ್ಲಿ ಸುಮ್ನೆ ಕೂತಿದೆ, ನಿಮ್ಮ ಅಳತೆ ಆದರೆ ತಗೊಳ್ರಿ.

ಕಿಂಗ್ಸ್ ಸರ್ಕಲ್ ಹಿರಿಯ

ಮತ್ತೆ ಹೋಗುವ ಮೊದಲು ಅಲ್ಲಿನ ಸೆಕ್ರೆಟರಿಗೆ ಒಂದು ಫೋನ್ ಮಾಡಿ. ಊಟಕ್ಕೆ ತಲೆ ಲೆಕ್ಕ ಹಾಕಬೇಕಲ್ಲ. ಶಾಕಾಹಾರಿ ಆದರೆ ಆಗಲೇ ಹೇಳಿಬಿಡಿ.